ಹೊಲಿಗೆಯಿಲ್ಲದ ಬಟ್ಟೆ

ನಮ್ಮಲ್ಲಿ ನೂಲುವುದು ಹೆಂಗಸರ ಕೆಲಸ, ನೇಯುವುದು ಗಂಡಸರದು. ಹೀಗೆಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೂ ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನ್ನ ಮಾವನ ಮಗ್ಗದ ಹಲಗೆಯ ಮೇಲೆ ನಾನು ಒಮ್ಮೆಯೂ ಕೂತವಳಲ್ಲ. ಕೂರಲೇ ಎಂದು ಕೇಳಿದವಳೂ ಅಲ್ಲ. ನೋಡುತ್ತಿದ್ದೆ, ಅಷ್ಟೆ.

ಮಾವನ ಹೆಸರು ರಸ್ಮನೆ. ಮನೆಯ ದೊಡ್ಡವರೆಲ್ಲ ಬಾಬಾ ಎಂದೇ ಕರೆಯುವುದು. ಅವರ ಮಗ್ಗ ಅಂಗಳದಾಚೆ ಬೇವಿನ ಮರದ ಕೆಳಗಿತ್ತು. ಹಾಸಿನ ಎಳೆಗಳು ಅಲ್ಲಿಂದ ಮೂವತ್ತು ಹೆಜ್ಜೆ ದೂರದವರೆಗೆ ಚಾಚಿಕೊಂಡಿರುತ್ತಿದ್ದವು. ತುದಿಯಲ್ಲಿ ಒಂದು ಭಾರದ ಕಲ್ಲು. ಅವರು ನೇಯ್ದಂತೆಲ್ಲ ಆ ಕಲ್ಲು ಇಷ್ಟಿಷ್ಟೇ ಅವರ ಕಡೆಗೆ ತೆವಳಿಕೊಂಡು ಬರುತ್ತಿತ್ತು. ಸಜ್ಜೆ ಕುಟ್ಟುತ್ತ ನಾನೂ ನನ್ನ ದೊಡ್ಡ ಮಗಳು ಬಿಬಾಳೂ ಪಂದ್ಯ ಕಟ್ಟುತ್ತಿದ್ದೆವು: ನಡುಹಗಲಿನ ನಮಾಜಿನ ಹೊತ್ತಿಗೆ ಕಲ್ಲು ಎಲ್ಲಿರುತ್ತದೆ? ಕೋಳಿಗೂಡಿನ ಹತ್ತಿರವೋ, ಅದಕ್ಕೂ ಈಚೆಯೋ? ಬಟ್ಟೆ ಬರುತ್ತಿದ್ದದ್ದು ಒಂದು ಗೇಣು ಅಗಲದ ಉದ್ದ ಪಟ್ಟಿಯಾಗಿ. ಅದನ್ನು ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ ಹೊಲಿದರೆ ಅಂಗಿ, ಹೊದಿಕೆ, ಹೆಣದ ಬಟ್ಟೆ ಎಲ್ಲವೂ ಆಗುತ್ತಿತ್ತು.

ದೇಶಕ್ಕೆ ಬುರ್ಕಿನಾ ಎಂಬ ಹೊಸ ಹೆಸರು ಬಂದು ಮೂರು ವರ್ಷವಾಗಿತ್ತು. ರೇಡಿಯೋ ಹಾಕಿದರೆ ಸಾಕು, ಒಂದಲ್ಲ ಒಂದು ಪ್ರಶ್ನೆ. ನಮ್ಮ ಸಜ್ಜೆ ಇರುವಾಗ ಪರದೇಶದ ಗೋಧಿ ಯಾಕೆ? ನಮ್ಮ ಮಾವಿನಹಣ್ಣು ಕೊಳೆಯುವಾಗ ಪರದೇಶದ ಸೇಬು ಯಾಕೆ? ಆ ವರ್ಷ ಬಟ್ಟೆಯ ಸರದಿ. ಸರ್ಕಾರಿ ಕಚೇರಿಯಲ್ಲಿ ಕೂರುವವರೆಲ್ಲ ನಾಡಿನ ಹತ್ತಿಯಿಂದ ನಾಡಿನವರೇ ಕೈಯಲ್ಲಿ ನೇಯ್ದ ಬಟ್ಟೆ ಉಡಬೇಕೆಂದು ಆಜ್ಞೆಯಾಯಿತು.

ನಮ್ಮ ಮನೆಯ ಮುಂದಿನ ಕೆಂಪು ರಸ್ತೆಯಲ್ಲಿ ಹತ್ತಿಯ ಲಾರಿಗಳು ಹೋಗುತ್ತಿದ್ದ ತಿಂಗಳು ಅದು. ಲಾರಿ ಹೋದ ಮೇಲೆ ಮುಳ್ಳುಬೇಲಿಗೆ ಸಿಕ್ಕಿದ ಹತ್ತಿಯನ್ನು ಬಿಬಾ ಆರಿಸಿ ತರುತ್ತಿದ್ದಳು. ಒಂದು ದಿನ ಕೇಳಿದಳು.

"ಅವ್ವಾ, ಇದೆಲ್ಲ ಎಲ್ಲಿಗೆ ಹೋಗುತ್ತೆ?"

"ರೈಲಿಗೆ."

"ರೈಲು?"

"ಸಮುದ್ರದ ತನಕ. ಅಲ್ಲಿಂದ ಹಡಗು."

"ಆಮೇಲೆ?"

"ಆಮೇಲೆ ಅಲ್ಲೆಲ್ಲೋ ಬಟ್ಟೆಯಾಗಿ, ಮೈತುಂಬ ಹೂವು ಹಾಕಿಸಿಕೊಂಡು ನಮ್ಮ ಸಂತೆಗೆ ಬರುತ್ತೆ."

ಅವಳು ಕೈಯಲ್ಲಿದ್ದ ಹತ್ತಿಯನ್ನು ನೋಡಿದಳು, ತಾತನ ಮಗ್ಗವನ್ನು ನೋಡಿದಳು. "ಅಷ್ಟು ದೂರ ಯಾಕೆ ಹೋಗಬೇಕು? ದಾರಿ ಗೊತ್ತಿಲ್ವಾ ಅದಕ್ಕೆ?"

ಬಾಬಾನನ್ನು ಕೇಳು ಎಂದೆ. ಬಾಬಾ ಲಾಳಿ ನಿಲ್ಲಿಸದೆ ಹೇಳಿದರು. "ನಮ್ಮಪ್ಪಾನೂ ಹೀಗೇ ಕೇಳಿದ್ದ ಕಣೆ, ಬಿಳಿ ಅಧಿಕಾರಿ ಎದುರಿಗೆ. ನಾನು ಆಗ ನಿನ್ನಷ್ಟಿದ್ದೆ. ಹತ್ತಿ ಬುಟ್ಟಿ ಇಳಿಸಿ, ಸ್ವಾಮಿ, ಇದರಲ್ಲಿ ಒಂದಷ್ಟು ನನ್ನ ಮಗ್ಗಕ್ಕೇ ಇಟ್ಕೋತೀನಿ ಅಂದ."

"ಏನಂದ್ರು?"

"ಏನೂ ಅನ್ನಲಿಲ್ಲ. ಎಂಟು ದಿನ ರಸ್ತೆಗೆ ಕಲ್ಲು ಹೊರಿಸಿದರು."

ಆಜ್ಞೆಯ ಬೆನ್ನಿಗೇ ನಮ್ಮ ಊರಿನ ಹೆಂಗಸರ ಸಂಘಕ್ಕೆ ಹತ್ತು ಮಗ್ಗ ಬಂದವು. ಊರಿನ ಕಮ್ಮಾರರೇ ಕಬ್ಬಿಣದ ಕೊಳವೆ ಬೆಸೆದು ಮಾಡಿದ್ದು. ಗೇಣಗಲದ ಮಗ್ಗವಲ್ಲ, ಎರಡು ಮೊಳ ಅಗಲದ್ದು, ಮಂಚದಷ್ಟು. ಬಾಬಾ ಒಬ್ಬರೇ ಎಷ್ಟು ಜನಕ್ಕೆಂದು ನೇಯ್ದಾರು? ಊರಿನ ಬೇರೆ ನೇಕಾರರೆಲ್ಲ ಕೆಲಸ ಹುಡುಕಿಕೊಂಡು ಕಡಲತೀರದ ದೇಶಕ್ಕೆ ಹೋಗಿದ್ದರು, ನನ್ನ ಗಂಡನೂ ಸೇರಿ. ಹತ್ತರಲ್ಲಿ ಒಂದು ಮಗ್ಗ ನನಗೆ ಬೇಕೆಂದು ನಾನೇ ಕೈಯೆತ್ತಿದೆ. ಕೈ ಎತ್ತಿದ ಮೇಲೆ ನನಗೇ ಗಾಬರಿಯಾಯಿತು.

ಯಾಕೆ ಬೇಕಾಗಿತ್ತು ಎಂದರೆ ಹೇಳುವುದು ಕಷ್ಟ. ಹನ್ನೆರಡು ವರ್ಷ ನನ್ನ ನೂಲು ನನ್ನ ಕೈಬಿಟ್ಟು ಹೋಗಿ ಬಟ್ಟೆಯಾಗುವುದನ್ನು ದೂರದಿಂದ ನೋಡಿದ್ದೆ. ಎಳೆಗಳ ನಡುವೆ ಬಾಯಿ ತೆರೆದು, ಲಾಳಿ ಒಳಗೆ ಹೋಗಿ, ಮುಚ್ಚಿಕೊಂಡು, ಮತ್ತೆ ತೆರೆಯುವಾಗ ಅಲ್ಲಿ ಒಳಗೆ ಏನಾಗುತ್ತದೆ ಎಂಬುದು ನನಗೆ ತಿಳಿಯಬೇಕಿತ್ತು. ಅಷ್ಟೇ.

ಬಾಬಾ ಕೂಗಾಡಲಿಲ್ಲ. ಅವರು ಕೂಗಾಡುವವರಲ್ಲ. ಮಗ್ಗ ಹೊತ್ತ ಕತ್ತೆಗಾಡಿ ಅಂಗಳಕ್ಕೆ ಬಂದಾಗ ಎದ್ದು ನಿಂತರು.

"ಬಿಬಾಳವ್ವ, ನೀನು ನೇಯ್ತಾ ಕೂತರೆ ನನಗೆ ನೂಲು ಯಾರು ಕೊಡ್ತಾರೆ?"

"ನಾನೇ ಕೊಡ್ತೀನಿ ಬಾಬಾ. ಎರಡೂ ಮಾಡ್ತೀನಿ."

"ಮುದ್ದೆ ಯಾರು ತಿರುವ್ತಾರೆ?"

"ಅದೂ ನಾನೇ."

"ಕೂಸು?"

"ಬೆನ್ನ ಮೇಲಿರುತ್ತೆ."

ಅವರು ಗಾಡಿಯ ಮೇಲಿದ್ದ ಆ ಕಬ್ಬಿಣದ ಕಡೆ ಕೈ ತೋರಿಸಿದರು. "ಸರಿ. ಮಳೆ ಬೀಳೋ ತನಕ ಇರಲಿ. ಕಚೇರಿಯವರು ನಿನ್ನ ಬಟ್ಟೆ ಒಪ್ಪಿದರೆ ಮಗ್ಗ ಇಲ್ಲೇ ಇರುತ್ತೆ, ನಾನು ತುಟಿ ಎರಡು ಮಾಡಲ್ಲ. ಒಪ್ಪಲಿಲ್ಲವೋ, ನೀನೇ ಕೈಯಾರೆ ಗಾಡಿಗೆ ಹಾಕಿ ವಾಪಸ್ ಕೊಟ್ಟು ಬರಬೇಕು. ಮತ್ತೆ ಅದರ ಮಾತು ಈ ಮನೇಲಿ ಬರಬಾರದು."

ಒಪ್ಪಿಕೊಂಡೆ. ಬೇರೆ ಏನು ಮಾಡಲಿ?

ಮೊದಲ ತಿಂಗಳು ಬರೀ ಕಿತ್ತು ಹಾಕುವುದೇ ಆಯಿತು. ಬಾಬಾ ನನ್ನ ಮಗ್ಗದ ಹತ್ತಿರ ಸುಳಿಯಲಿಲ್ಲ. ಆದರೆ ಬಿಬಾ ಬಂದು ವರದಿ ಒಪ್ಪಿಸುತ್ತಿದ್ದಳು. "ಅವ್ವಾ, ನಿನ್ನ ಮಗ್ಗಕ್ಕೆ ತುಳಿಯೋ ಕಾಲುಮಣೆ ಎಷ್ಟು ಅಂತ ತಾತ ಕೇಳಿದರು." ಮತ್ತೊಂದು ದಿನ, "ಎಳೆ ಕಡಿದರೆ ಅವ್ವ ಗಂಟು ಹಾಕ್ತಾಳೋ, ಎಂಜಲು ಹಚ್ಚಿ ಹೊಸೀತಾಳೋ ಅಂತ ಕೇಳಿದರು. ನಾನು ಹೇಳಲಿಲ್ಲ. ಹೇಳಲಾ?"

"ಹೇಳು."

"ಅವರು ಕೇಳಿದ್ದನ್ನ ನಿನಗೆ ಹೇಳಬೇಡ ಅಂದಿದ್ದರು."

ನನ್ನ ಮೊದಲ ಬಟ್ಟೆ ಮಗ್ಗದಿಂದ ಇಳಿದಾಗ ಮಾವಿನ ಮರಗಳಲ್ಲಿ ಕಾಯಿ ಹಿಡಿದಿತ್ತು. ನೀಲಿ ನೆಲ, ಬಿಳಿಯ ಗೆರೆ. ಎರಡು ಮೊಳ ಅಗಲ, ನಡುವೆ ಒಂದೂ ಹೊಲಿಗೆಯಿಲ್ಲ. ಅದನ್ನು ಅಂಗಳದ ಹಗ್ಗಕ್ಕೆ ಹಾಕಿ ನಾನು ಸುಮ್ಮನೆ ಅದರ ಮುಂದೆ ಓಡಾಡಿದೆ. ನೀರಿನಂತೆ ಒಂದೇ ಸಮನೆ ಬೀಳುತ್ತಿತ್ತು. ಅಂಚೆ ಕಚೇರಿಯ ಗುಮಾಸ್ತ ಮಾತಿಯಾ ಅದರಲ್ಲೊಂದು ತುಂಡು ಕೊಂಡು ಅಂಗಿ ಹೊಲಿಸಿದ. ಮಾತಿಯಾ ಸೋಮಾರಿಯಲ್ಲ, ಆದರೆ ಹಳೆಯ ಅಂಗಿಯನ್ನು ಬಿಡಲಾರದವನು. ಕಚೇರಿಯ ಬಹಳ ಜನ ಅವನ ಹಾಗೆಯೇ: ಪರದೇಶದ ಇಸ್ತ್ರಿ ಅಂಗಿಯಲ್ಲೇ ಬರುವುದು, ನಾಡಿನ ಬಟ್ಟೆಯನ್ನು ಮೇಜಿನ ಗೂಡಿನಲ್ಲಿ ಮಡಚಿಡುವುದು, ತಪಾಸಣೆಯವರ ಮೋಟಾರು ಸೈಕಲ್ಲಿನ ಸದ್ದು ಕೇಳಿದೊಡನೆ ಅವಸರವಾಗಿ ತಲೆಯಿಂದ ತೊಟ್ಟುಕೊಳ್ಳುವುದು. ಇಡೀ ಅಂಚೆ ಕಚೇರಿ ಆ ಗಳಿಗೆಯಲ್ಲಿ ಕೈ ಮೇಲೆತ್ತಿ ನಿಂತಿರುತ್ತಿತ್ತು ಎಂದು ಜನ ನಗುತ್ತಿದ್ದರು.

ಒಂದು ಬುಧವಾರ ಮಾತಿಯಾ ನಮ್ಮ ಅಂಗಳಕ್ಕೆ ಬಿರುಗಾಳಿಯಂತೆ ಬಂದ. ನಾನು ಬೆಂಡೆಕಾಯಿ ಕುಟ್ಟುತ್ತಿದ್ದೆ.

"ರಕಿಯೆತಾ! ಏನಮ್ಮ ನೀನು ಮಾಡಿದ್ದು? ಒಂದೇ ಒಂದು ದಿನ ಬೆಳಗ್ಗೆಯಿಂದಲೇ ಸರಿಯಾದ ಬಟ್ಟೆ ಹಾಕ್ಕೊಂಡು ಹೋದೆ. ಒಂದೇ ದಿನ! ಅವತ್ತೇ ನನ್ನನ್ನ ಹಿಡಿದರು!"

"ಯಾರು ಹಿಡಿದರು? ಕೂತ್ಕೊಂಡು ಹೇಳು."

"ಕೂರಲ್ಲ. ಹೊಸ ತಪಾಸಣೆ ಅಧಿಕಾರಿ. ಅಂಗಿಯ ಕೆಳಗಡೆ ಮಡಚಿ ನೋಡಿದ. ಹೊಲಿಗೆ ಎಲ್ಲಿ ಅಂದ. ಇಲ್ಲ ಅಂದೆ. ಗೇಣಿಗೊಂದು ಹೊಲಿಗೆ ಇಲ್ಲದಿದ್ದರೆ ಅದು ನಮ್ಮ ಬಟ್ಟೆ ಹೇಗಾಗುತ್ತೆ, ಯಂತ್ರದ್ದು, ಹಡಗಲ್ಲಿ ಬಂದಿದ್ದು ಅಂತ ಎಲ್ಲರೆದುರಿಗೂ ಅಂದ. ಜಿಲ್ಲಾ ಕಚೇರಿ ಬಾಗಿಲ ಮೇಲೆ ನನ್ನ ಹೆಸರು ಬರೆದು ಅಂಟಿಸಿದಾರೆ!"

ಕೋಪ ಬರುವ ಮೊದಲು ನನಗೆ ಆಶ್ಚರ್ಯವಾಯಿತು. ಅಧಿಕಾರಿಯ ಮಾತಿನಲ್ಲಿ ತಪ್ಪೇನಿತ್ತು? ನಮ್ಮ ಪಟ್ಟಿ ಬಟ್ಟೆಯಂತೆಯೇ ಕಾಣುವ ಗೆರೆಗಳನ್ನು ಅಚ್ಚು ಹಾಕಿ ಪರದೇಶದವರು ಆಗಲೇ ಸಂತೆಗೆ ಕಳಿಸುತ್ತಿದ್ದರು. ಅವನ್ನು ಹಿಡಿಯುವ ಗುರುತು ಇದ್ದದ್ದು ಒಂದೇ: ಹೊಲಿಗೆ. ಆ ಗುರುತು ನನ್ನನ್ನೂ ಹಿಡಿದಿತ್ತು. ಹುಟ್ಟಿದಾಗಿನಿಂದ ನಾವೆಲ್ಲರೂ ನಮ್ಮ ಬಟ್ಟೆಯೆಂದರೆ ಹೊಲಿಗೆಯೆಂದೇ ತಿಳಿದಿದ್ದೆವು. ಅದು ಮಗ್ಗ ಕಿರಿದಾಗಿದ್ದರಿಂದ ಬಂದದ್ದು ಎಂದು ಯಾರೂ ಯೋಚಿಸಿರಲಿಲ್ಲ.

ಬೇವಿನ ಮರದ ಕೆಳಗೆ ಲಾಳಿಯ ಸದ್ದು ನಿಂತಿತ್ತು. ಬಾಬಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಗಾಡಿಯವನನ್ನು ಕರೆಯಬೇಕಾದವಳು ನಾನು ಎಂದು ಇಬ್ಬರಿಗೂ ಗೊತ್ತಿತ್ತು.

"ಬಾಬಾ, ಇನ್ನೊಂದು ದಿನ ಕೊಡಿ," ಎಂದೆ. "ಕಚೇರಿಗೆ ಹೋಗಿ ಮಾತಾಡಿ ಬರ್ತೀನಿ."

"ನನ್ನನ್ನ ಯಾಕೆ ಕೇಳ್ತೀಯ? ಮಳೆ ಇನ್ನೂ ಬಿದ್ದಿಲ್ಲವಲ್ಲ," ಎಂದರು.

ಮರುದಿನ ಬೆಳಿಗ್ಗೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಮಾತಿಯಾನ ಅಂಗಿಯನ್ನೂ ಉಳಿದ ಬಟ್ಟೆಯನ್ನೂ ಗಂಟು ಕಟ್ಟಿ ಜಿಲ್ಲಾ ಕಚೇರಿಗೆ ಹೋದೆ. ಸಿಟ್ಟಿನ್ನೂ ಇಳಿಯದ ಮಾತಿಯಾನೂ ಜೊತೆಗೆ ಬಂದ. ಅಧಿಕಾರಿಯ ಹೆಸರು ಝೆರ್ಬೊ. ಸಾಮೊ ಜನಾಂಗದವನು, ಮೂವತ್ತರ ಆಸುಪಾಸು, ಮೈಮೇಲೆ ಅಚ್ಚುಕಟ್ಟಾದ ಪಟ್ಟಿ ಬಟ್ಟೆ. ಕೆಟ್ಟವನಲ್ಲ, ಗಂಭೀರ. ನಾನು ಹೇಳಿದ್ದನ್ನೆಲ್ಲ ಕೇಳಿದ.

"ಅಮ್ಮಾ, ನೀವು ನೇಯ್ದೆ ಅಂತೀರಿ. ನಿನ್ನೆ ಒಬ್ಬ ವ್ಯಾಪಾರಿನೂ ಹಾಗೇ ಅಂದ. ನಾನು ಯಾರನ್ನ ನಂಬಲಿ?"

"ನಮ್ಮ ಮನೆಗೆ ಬನ್ನಿ. ಮಗ್ಗ ನೋಡಿ."

"ಮಗ್ಗ ಇರೋದು ಗೊತ್ತು. ಈ ಬಟ್ಟೆ ಆ ಮಗ್ಗದ್ದು ಅಂತ ಹೇಗೆ ಗೊತ್ತು? ಬಟ್ಟೆ ತಿಳಿದವರು ಯಾರಾದರೂ ಹೇಳಬೇಕು. ನಿಮ್ಮ ಸಂಘದವರಾಗಬಾರದು."

"ಊರಲ್ಲಿ ಬಟ್ಟೆ ತಿಳಿದವನು ಒಬ್ಬನೇ, ಮುದುಕ ರಸ್ಮನೆ," ಎಂದ ಮಾತಿಯಾ. "ಆದರೆ ಅವನು ಇವಳ ಮಾವ."

"ಮಾವನ ಸಾಕ್ಷಿ ಆಗಲ್ಲ."

"ಅಯ್ಯೋ, ಅವನು ಇವಳ ಪರ ಅಲ್ಲ! ಹೆಂಗಸಿಗೆ ಮಗ್ಗ ಬೇಡ ಅಂತಾನೆ. ಬಟ್ಟೆ ಒಪ್ಪದಿದ್ದರೆ ಮಗ್ಗ ವಾಪಸ್ ಕೊಡು ಅಂದಿದಾನೆ. ಊರಿಗೆಲ್ಲ ಗೊತ್ತು."

ಝೆರ್ಬೊನ ಹುಬ್ಬು ಮೇಲೇರಿತು. "ಹಾಗಾದರೆ ಅವನನ್ನೇ ಕರೆಸಿ."

ಬಾಬಾ ಸುಳ್ಳು ಹೇಳುವವರಲ್ಲ. ಆದರೆ ಈ ಬಟ್ಟೆ ಅವರ ಕಣ್ಣಿಗೆ ಏನಾಗಿ ಕಂಡಿತ್ತು? ಅವರು ಅದನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮುಟ್ಟಿದರೆ ಅವರ ಬೆರಳು ಏನನ್ನುತ್ತದೆಯೋ ನನಗೆ ತಿಳಿದಿರಲಿಲ್ಲ.

ಬಾಬಾ ಒಗೆದ ನಿಲುವಂಗಿ ತೊಟ್ಟು, ಟೋಪಿ ಹಾಕಿ ಬಂದರು. ಬಾಗಿಲಲ್ಲೇ ನಿಂತು ಝೆರ್ಬೊನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಾಮೊಗಳಿಗೂ ನಮಗೂ ತಾತಂದಿರ ಕಾಲದಿಂದ ತಮಾಷೆಗೆ ಬೈದಾಡುವ ನಂಟು. ಬೈಯದಿದ್ದರೆ ಮರ್ಯಾದೆ ತಪ್ಪಿದಂತೆ.

"ಓಹೋ! ನಮ್ಮನೆ ಆಳಿಗೆ ಸರ್ಕಾರ ಕುರ್ಚಿ ಕೊಟ್ಟಿದೆಯಾ? ಎದ್ದೇಳೋ. ಧಣಿ ಬಂದಾಗ ಕೂತಿರ್ತಾರಾ?"

ಗುಮಾಸ್ತರೆಲ್ಲ ತಲೆಯೆತ್ತಿದರು. ಝೆರ್ಬೊ ಗಂಭೀರವಾಗಿರಲು ನೋಡಿದ, ಆಗಲಿಲ್ಲ. ತುಟಿ ಅದುರಿತು.

"ಮುದುಕಾ, ನಿನ್ನನ್ನ ನಮ್ಮ ತಾತ ಒಂದು ನಾಯಿ ತಲೆಗೆ ಮಾರಿದ್ದ. ಆ ತಲೆ ಬೇಯಿಸಿದ ಮಡಕೆ ಇನ್ನೂ ನಮ್ಮ ಮನೇಲಿದೆ."

"ಮಡಕೆ ಇದೆ, ತಲೆ ನೀನೇ ಕದ್ದು ತಿಂದೆ. ಬಾಯಿ ಒರೆಸ್ಕೋ."

ನಗು ಎದ್ದಿತು. ಝೆರ್ಬೊ ಎದ್ದು ತನ್ನ ಕುರ್ಚಿಯನ್ನೇ ಕೊಟ್ಟ, ಕುಡಿಯಲು ನೀರು ತರಿಸಿದ. ಆಮೇಲೆ ನನ್ನ ಬಟ್ಟೆಯನ್ನು ಬಾಬಾನ ಮಂಡಿಯ ಮೇಲಿಟ್ಟ. ನಗು ನಿಂತಿತು.

ಬಾಬಾ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಹೆಬ್ಬೆರಳನ್ನು ಅಂಚಿನುದ್ದಕ್ಕೂ ಮೆಲ್ಲಗೆ ಎಳೆದರು. ಒಂದು ಕಡೆ ನಿಂತರು, ಹಿಂದಕ್ಕೆ ಹೋದರು, ಮತ್ತೆ ಅಲ್ಲಿಗೇ ಬಂದರು.

"ಇಲ್ಲಿ ಎದ್ದು ಹೋಗಿದಾಳೆ," ಎಂದರು.

"ಏನು?" ಎಂದ ಝೆರ್ಬೊ.

"ಇಲ್ಲಿವರೆಗೂ ಹಣಿಗೆಯಿಂದ ಎಳೆ ಕೂರಿಸೋ ಬಡಿತ ಬಿಗಿ. ಇಲ್ಲಿಂದ ಸಡಿಲ. ಎದ್ದು ಹೋಗಿ ಬಂದು ಕೂತಿದಾಳೆ, ಕೈ ಇನ್ನೂ ಕಾದಿಲ್ಲ. ನಾಲ್ಕು ಬೆರಳು ಆದ ಮೇಲೆ ಮತ್ತೆ ಬಿಗಿ. ಇಲ್ಲಿ ಮತ್ತೆ ಎದ್ದಳು. ಇಲ್ಲಿ ಮತ್ತೆ. ಥೂ, ಕೂತಲ್ಲಿ ಕೂರೋದೇ ಇಲ್ಲ ಇವಳು!"

"ಕೂಸು ಅಳ್ತಿತ್ತು ಬಾಬಾ," ಎಂದೆ.

"ಅಳಲಿ. ಇಲ್ಲಿ ನೋಡಿ, ಒಂದು ಅಂಗೈ ಅಗಲ ಪೂರ್ತಿ ಹುಚ್ಚು ಬಡಿತ. ಇದೇನಿದು?"

"ಅವತ್ತು ಬಿಬಾಗೆ ಜ್ವರ."

ಬಾಬಾ ನನ್ನ ಕಡೆ ನೋಡಲಿಲ್ಲ. ಬೆರಳು ಆ ಜಾಗದಲ್ಲೇ ಇತ್ತು.

ಝೆರ್ಬೊ ಮೇಜಿನ ಮೇಲೆ ಬಾಗಿ ತಾನೂ ಮುಟ್ಟಿ ನೋಡಿದ. ಅವನಿಗೆ ತಿಳಿಯಲಿಲ್ಲ, ಮತ್ತೆ ಮುಟ್ಟಿದ, ಕಣ್ಣು ಮುಚ್ಚಿಕೊಂಡು. "ಹೌದು, ಇದೆ," ಎಂದ ಮೆಲ್ಲಗೆ. ಆಮೇಲೆ ನೆಟ್ಟಗಾಗಿ, "ಕೈಯಲ್ಲಿ ನೇಯ್ದದ್ದು ಅಂತ ಒಪ್ಪೋಣ. ಆದರೆ ಕೈ ಬೇರೆ ದೇಶದಲ್ಲೂ ಇರುತ್ತಲ್ಲ ಮುದುಕಾ?"

ಬಾಬಾ ಬಟ್ಟೆಯ ತುದಿಯಿಂದ ಒಂದು ಹೊಕ್ಕಿನ ಎಳೆಯನ್ನು ಎಳೆದು ತೆಗೆದರು. ಅದನ್ನು ಬೆರಳುಗಳ ನಡುವೆ ಹಿಡಿದು ಹುರಿ ಬಿಚ್ಚಿದರು. ತಮ್ಮ ನಿಲುವಂಗಿಯ ಅಂಚಿನಿಂದ ಇನ್ನೊಂದು ಎಳೆ ಕಿತ್ತು ಅದರ ಪಕ್ಕದಲ್ಲಿಟ್ಟರು.

"ನೋಡು. ನನ್ನ ಅಂಗಿಯದು ನನ್ನ ಹೆಂಡತಿ, ಸ್ವರ್ಗದಲ್ಲಿದಾಳೆ, ನೂತಿದ್ದು. ಹುರಿ ಬಲಕ್ಕೆ. ಈ ದೇಶದಲ್ಲಿ ಯಾವ ಹೆಂಗಸು ನೂತರೂ ಬಲಕ್ಕೆ. ಇದು? ಎಡಕ್ಕೆ."

"ಅಂದರೆ ನಮ್ಮ ದೇಶದ್ದಲ್ಲ?"

ನಾನು ಮೇಜಿನ ಕಡೆಗೆ ಒಂದು ಹೆಜ್ಜೆ ಇಟ್ಟೆ.

"ಅಂದರೆ ಇವಳದ್ದು," ಎಂದರು ಬಾಬಾ. "ಇವಳು ಎಡಚಿ. ಕದಿರನ್ನ ಎಡಗೈಯಲ್ಲಿ ತಿರುಗಿಸ್ತಾಳೆ. ಹನ್ನೆರಡು ವರ್ಷದಿಂದ ನನ್ನ ಲಾಳಿಯಲ್ಲಿ ಈ ನೂಲು ತಿರುಗಾಮುರುಗಾ ಸುತ್ಕೊಂಡು ನನ್ನ ಪ್ರಾಣ ತಿಂದಿದೆ. ಸೊಸೆಗೆ ಹೇಳೋ ಮಾತಲ್ಲ ಅಂತ ಸುಮ್ಮನಿದ್ದೆ. ಕತ್ತಲಲ್ಲಿ ಕೊಟ್ಟರೂ ಗುರುತು ಹಿಡೀತೀನಿ. ಇದು ನಮ್ಮ ಮನೆ ನೂಲು, ನಮ್ಮ ಮನೆ ಬಟ್ಟೆ. ಬರ್ಕೋ."

ಝೆರ್ಬೊ ಎರಡೂ ಎಳೆಗಳನ್ನು ಕಿಟಕಿಯ ಹತ್ತಿರ ಒಯ್ದು ತಾನೇ ಬಿಚ್ಚಿದ, ತಿರುಗಿಸಿದ, ಮತ್ತೆ ಬಿಚ್ಚಿದ. ಅವನ ಮುಖದಲ್ಲಿ ಅಧಿಕಾರಿ ಇರಲಿಲ್ಲ. ಬೇಲಿಯಿಂದ ಹತ್ತಿ ಆರಿಸಿ ತಂದ ನನ್ನ ಮಗಳಂತೆಯೇ ಕಂಡ. ಹೊರಗೆ ಹೋಗಿ ಬಾಗಿಲಿನಿಂದ ಮಾತಿಯಾನ ಹೆಸರನ್ನು ಕಿತ್ತು ತಂದ.

"ಒಪ್ಪಿದೆ," ಎಂದ. ಆಮೇಲೆ ಹಣೆ ಉಜ್ಜಿದ. "ಆದರೆ ಅಮ್ಮಾ, ನಾಳೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ರಾಜಧಾನಿಗೆ ಯಾರಾದರೂ ಈ ಅಂಗಿ ಹಾಕ್ಕೊಂಡು ಹೋಗ್ತಾರೆ. ಪ್ರತಿ ಅಂಗಿ ಜೊತೆ ಈ ಮುದುಕನನ್ನ ಕಳಿಸ್ತೀರಾ? ನಡುವೆ ಎರಡು ಹೊಲಿಗೆ ಹಾಕಿಬಿಡಿ. ಸುಮ್ಮನೆ ಮಡಚಿ ಹೊಲಿದರೂ ಸಾಕು. ನೋಡೋರಿಗೆ ನಮ್ಮದು ಅಂತ ಗೊತ್ತಾಗಲಿ."

ಮಾತಿಯಾ ಕೂಡಲೇ ತಲೆಯಾಡಿಸಿದ. ನನಗೂ ಹೂಂ ಎನ್ನುವುದು ಸುಲಭವಿತ್ತು. ಆದರೆ ಇಡಿಯಾದ ಬಟ್ಟೆಯನ್ನು ಮಡಚಿ, ಇಲ್ಲದ ಹೊಲಿಗೆ ತೋರಿಸುವುದು ಯಾಕೋ ನನಗೆ ಒಗ್ಗಲಿಲ್ಲ. ನಮ್ಮದನ್ನು ನಮ್ಮದೆಂದು ತೋರಿಸಲು ನಾವೇ ವೇಷ ಹಾಕಬೇಕೇ?

"ಸುಳ್ಳು ಹೊಲಿಗೆ ಹಾಕಲ್ಲ," ಎಂದರು ಬಾಬಾ, ನನಗಿಂತ ಮೊದಲು. "ನಡಿ ಮನೆಗೆ."

ದಾರಿಯಲ್ಲಿ ಗಾಡಿಯವನ ಮನೆಯ ಮುಂದೆ ಹಾದುಹೋದೆವು. ಅವರು ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ. ಮನೆಗೆ ಬಂದು ಟೋಪಿ ತೆಗೆದು, ನನ್ನ ನೀಲಿ ನೂಲಿನ ಲಡಿಯೊಂದನ್ನು ಕೇಳಿ ಪಡೆದು ತಮ್ಮ ಮಗ್ಗಕ್ಕೆ ಹೋದರು. ಮೂರು ದಿನದ ಮೇಲೆ ಒಂದು ಪಟ್ಟಿ ತಂದು ನನ್ನ ಮುಂದೆ ಹಾಕಿದರು. ನೀಲಿಯ ನಡುವೆ ಬಿಳಿಯ ಚಿಕ್ಕ ಚೌಕಗಳು.

"ನಿನ್ನದು ಎರಡು ತುಂಡು, ನಡುವೆ ನನ್ನದು ಒಂದು. ಆಗ ಹೊಲಿಗೆ ಬೇಕೇ ಬೇಕಾಗುತ್ತೆ. ಸುಳ್ಳಲ್ಲ."

ಹೊಲಿದು ನೋಡಿದೆ. ಅವರ ಪಟ್ಟಿ ಗಟ್ಟಿ, ನನ್ನ ಬಟ್ಟೆ ಮೆತ್ತಗೆ. ಒಗೆದ ಮೇಲೆ ಹೊಲಿಗೆಯುದ್ದಕ್ಕೂ ಸುಕ್ಕುಗಟ್ಟಿತು. ಬಿಬಾ ಬಿದ್ದು ಬಿದ್ದು ನಕ್ಕಳು.

"ನೀನು ಬಿಗಿಯಾಗಿ ಬಡಿಯಬೇಕು," ಎಂದರು ಬಾಬಾ.

"ನೀವು ಸ್ವಲ್ಪ ಸಡಿಲ ಬಿಡಿ," ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಐವತ್ತು ವರ್ಷದ ಕೈ. ಈಗ ಸಡಿಲ ಬಿಡೋದು ಹೇಗೆ?"

ಎರಡನೆಯದೂ ಸುಕ್ಕಾಯಿತು. ಮೂರನೆಯದಕ್ಕೆ ನಾವು ಬಡಿತ ಎಣಿಸಿ ನೋಡಿದೆವು. ನಾನು ಈ ಕಡೆಯಿಂದ ಕೂಗುವುದು, ಅವರು ಆ ಕಡೆಯಿಂದ. ಬೆರಳಗಲಕ್ಕೆ ಅವರದು ಇಪ್ಪತ್ತು, ನನ್ನದು ಹದಿನಾರು. ಹದಿನೆಂಟಕ್ಕೆ ಇಬ್ಬರೂ ಬರೋಣ ಎಂದುಕೊಂಡೆವು. ಅವರು ಹತ್ತೊಂಬತ್ತಕ್ಕೇ ನಿಂತರು.

ಮೊದಲ ಮಳೆ ಬಿದ್ದ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ನನ್ನ ಮಗ್ಗದ ಮುಂದೆ ಕೂತಿದ್ದೆ. ಬಾಬಾ ಮಳೆನೀರು ಕೊಡವಿಕೊಂಡು ಒಳಗೆ ಬಂದರು. ಮಗ್ಗವನ್ನು ಸುತ್ತಿ ಬಂದರು. ಹಣಿಗೆಯ ಮೇಲೆ ಕೈಯಿಟ್ಟು ತೂಗಿ ನೋಡಿದರು.

"ಇದು ಇಷ್ಟು ಭಾರ ಇದ್ದೂ ನಿನ್ನ ಬಡಿತ ಯಾಕೆ ಹಗುರ? ಅದು ನನಗೆ ಅರ್ಥ ಆಗ್ತಿಲ್ಲ," ಎಂದರು. "ಏಳು. ನಾನು ಒಮ್ಮೆ ಕೂತು ನೋಡ್ತೀನಿ."

ಎದ್ದೆ. ಅವರು ಕೂತರು. ಕಾಲುಮಣೆಗಾಗಿ ಕಾಲ್ಬೆರಳುಗಳಿಂದ ತಡಕಿದರು, ಸಿಗಲಿಲ್ಲ, ಮತ್ತೆ ತಡಕಿದರು.

"ಎಡಗಡೆಯದು ಮೊದಲು ಬಾಬಾ," ಎಂದೆ.